ಎಂಕಾಂಗೆ ದುಡ್ಡು ಎಲ್ಲಿಂದ? ಎಂಟು ಪೋಸ್ಟ್

1/8

"ಡಿಗ್ರಿ ಆದ್ಮೇಲೆ ಏನು?" ಅಂತ ಕೇಳಿದ್ರೆ ನಮ್ಮ ಕ್ಲಾಸಲ್ಲಿ ಅರ್ಧ ಜನ ಮೊಬೈಲ್ ನೋಡೋಕೆ ಶುರು ಮಾಡ್ತಾರೆ. ಓದೋಕೆ ಇಷ್ಟ ಇಲ್ಲ ಅಂತಲ್ಲ. ಎಂಕಾಂ ಮಾಡ್ಬೇಕು, ಎಂಬಿಎ ಮಾಡ್ಬೇಕು ಅಂತ ಆಸೆ ಇರೋರು ಬೇಕಾದಷ್ಟು ಜನ ಇದ್ದಾರೆ. ಮನೇಲಿ ಮಾತು ಎತ್ತಿದ ತಕ್ಷಣ ಬರೋ ಮುಂದಿನ ಪ್ರಶ್ನೆಗೆ ಮಾತ್ರ ಉತ್ತರ ಇಲ್ಲ. ದುಡ್ಡು?

ನಮ್ಮನೇಲೂ ಅದೇ. ನಾನು ತಿಪಟೂರು ಕಡೆಯವಳು. ಅಪ್ಪನಿಗೆ ಒಂದೂವರೆ ಎಕರೆ ತೆಂಗಿನ ತೋಟ, ಅಮ್ಮ ಗಾರ್ಮೆಂಟ್ಸ್, ತಮ್ಮ ಐಟಿಐ. ಪರೀಕ್ಷೆ ಮುಗಿದ ಮೇಲೆ ಬಾ ಅಂತ ಒಂದು ಆಡಿಟರ್ ಆಫೀಸಲ್ಲಿ ಕರೆದಿದ್ದಾರೆ, ತಿಂಗಳಿಗೆ 12,000. ಎಂಕಾಂ ವಿಷಯ ಹೇಳಿದಾಗ ಅಪ್ಪ ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. "ಲೆಕ್ಕ ಹಾಕ್ಕೊಂಡು ಬಾ, ಮಾತಾಡೋಣ" ಅಂದ್ರು. ಬಿಕಾಂ ಓದ್ತಿರೋಳಿಗೆ ಇದಕ್ಕಿಂತ ಸರಿಯಾದ ಹೋಂವರ್ಕ್ ಯಾವ ಮೇಷ್ಟ್ರೂ ಕೊಟ್ಟಿಲ್ಲ.

ಎರಡು ತಿಂಗಳು ದಿನಾ ರಾತ್ರಿ ಡೇಟಾ ಖಾಲಿ ಆಗೋವರೆಗೂ ಕೂತು ಹುಡುಕಿದ್ದೀನಿ. ಏನೇನು ಸಿಕ್ತು ಅಂತ ಕ್ಲಾಸ್ ಗ್ರೂಪಲ್ಲಿ ಕೇಳ್ತಾನೇ ಇದ್ರಿ. ಗ್ರೂಪಲ್ಲಿ ಹಾಕಿದ್ರೆ ಗುಡ್ ಮಾರ್ನಿಂಗ್ ಫೋಟೋಗಳ ಕೆಳಗೆ ಮುಚ್ಚಿ ಹೋಗುತ್ತೆ, ಅದಕ್ಕೆ ಇಲ್ಲಿ. ಸೇವ್ ಮಾಡ್ಕೊಳ್ಳಿ.

2/8

ಮೊದಲು ಹುಡುಕೋ ಪದದ ಬಗ್ಗೆ. ಇದನ್ನ ಯಾರೂ ಹೇಳಲ್ಲ.

ಗೂಗಲ್‌ನಲ್ಲಿ "ಸ್ಕಾಲರ್‌ಶಿಪ್ ಫಾರ್ ಎಂಕಾಂ" ಅಂತ ಹಾಕಿದ್ರೆ ಬರೋದು ಬಣ್ಣ ಬಣ್ಣದ ವೆಬ್‌ಸೈಟುಗಳು. ಒಂದೇ ಪಟ್ಟಿಯನ್ನ ಒಬ್ಬರಿಂದ ಒಬ್ಬರು ಕಾಪಿ ಹೊಡೆದಿರ್ತಾರೆ, ಅರ್ಧಕ್ಕೆ ಕೊನೇ ದಿನಾಂಕ ಮುಗಿದು ಎರಡು ವರ್ಷ ಆಗಿರುತ್ತೆ. ನಮ್ಮ ಸರ್ಕಾರ ಕೊಡೋ ದುಡ್ಡಿಗೆ ಸರ್ಕಾರ ಯಾವ ಹೆಸರು ಇಟ್ಟಿದೆಯೋ ಆ ಹೆಸರಲ್ಲೇ ಹುಡುಕಬೇಕು. ಅದು ಕನ್ನಡದಲ್ಲಿದೆ, ಅದೂ ಆಫೀಸ್ ಕನ್ನಡ. ವಿದ್ಯಾರ್ಥಿವೇತನ ಅಂದ್ರೆ ಒಂದು, ಪ್ರೋತ್ಸಾಹಧನ ಅಂದ್ರೆ ಇನ್ನೊಂದು. ಶುಲ್ಕ ವಿನಾಯಿತಿ, ಶುಲ್ಕ ಮರುಪಾವತಿ, ಶೈಕ್ಷಣಿಕ ಸಹಾಯಧನ, ಊಟ ಮತ್ತು ವಸತಿ ಸಹಾಯ ಇವೆಲ್ಲ ಬೇರೆ ಬೇರೆ ಬಾಗಿಲು. "ಅರಿವು" ಅಂತ ಕೇಳಿದ್ರೆ ಜಾಗೃತಿ ಕಾರ್ಯಕ್ರಮ ಅನ್ಕೋತೀರ. ಅದು ಕೆಇಎ ಮೂಲಕ ವೃತ್ತಿಪರ ಕೋರ್ಸಿಗೆ ಸೀಟು ಸಿಕ್ಕವರಿಗೆ ನಿಗಮಗಳು ಕೊಡೋ ಕಡಿಮೆ ಬಡ್ಡಿ ಸಾಲ.

ಇನ್ನೊಂದು ತೊಂದರೆ ಏನಂದ್ರೆ, ಇಲಾಖೆಗಳ ಪ್ರಕಟಣೆ ಎಷ್ಟೋ ಸಲ ಸ್ಕ್ಯಾನ್ ಮಾಡಿದ ಪಿಡಿಎಫ್. ಸೀಲು, ಸಹಿ, ಓರೆಯಾಗಿ ಬಂದ ಪುಟ. ಸರ್ಚ್ ಇಂಜಿನ್‌ಗೆ ಅದು ಬರೀ ಚಿತ್ರ. ಹಾಗಾಗಿ ನೇರವಾಗಿ ಇಲಾಖೆ ವೆಬ್‌ಸೈಟಿಗೇ ಹೋಗಬೇಕು: ಹಿಂದುಳಿದ ವರ್ಗಗಳ ಕಲ್ಯಾಣ, ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ. ನೋಡೋಕೆ ಚೆನ್ನಾಗಿರಲ್ಲ, ನಿಧಾನ ಬೇರೆ. ಆದ್ರೆ ದುಡ್ಡು ಇರೋದು ಅಲ್ಲೇ. ಅರ್ಜಿ ಹಾಕೋದು ಬಹುತೇಕ ಎಸ್‌ಎಸ್‌ಪಿ ಮೂಲಕ, ಅಂದ್ರೆ ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್. ಪಿಯುಸಿಯಲ್ಲಿ ಮಾಡಿದ ಐಡಿ ಇದ್ರೆ ಅದನ್ನೇ ಇಟ್ಕೊಳ್ಳಿ, ಹೊಸದು ಮಾಡೋಕೆ ಹೋಗಬೇಡಿ.

3/8

ಈ ಫೋಟೋ ಅಮ್ಮನ ಪೇ ಸ್ಲಿಪ್. ಸಂಬಳ ಕಾಣದ ಹಾಗೆ ಹೆಬ್ಬೆರಳು ಇಟ್ಟಿದ್ದೀನಿ. ಅಮ್ಮನ ಕಂಡೀಷನ್.

ಕಡಿತದ ಕಾಲಂ ನೋಡಿ. ಪಿಎಫ್, ಇಎಸ್‌ಐ, ಆಮೇಲೆ ಒಂದು ಪುಟ್ಟ ಮೊತ್ತದ ಮುಂದೆ ಎಲ್‌ಡಬ್ಲ್ಯೂಎಫ್. ವರ್ಷಕ್ಕೊಂದೇ ಸಲ ಕಟ್ ಆಗೋದು, ಅದಕ್ಕೇ ಯಾರೂ ಅದರ ಬಗ್ಗೆ ಕೇಳಲ್ಲ. ಅಮ್ಮನೂ ಕೇಳಿರಲಿಲ್ಲ. ಅದು ಕಾರ್ಮಿಕ ಕಲ್ಯಾಣ ನಿಧಿ, 1965ರ ಕಾಯ್ದೆ ಪ್ರಕಾರ. ನೌಕರರದ್ದು ಒಂದು ಪಾಲು, ಮಾಲೀಕರದ್ದು ಒಂದು ಪಾಲು, ಸರ್ಕಾರದ್ದು ಒಂದು ಪಾಲು. ಆ ದುಡ್ಡಿಂದ ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿ ಕಾರ್ಮಿಕರ ಮಕ್ಕಳ ಓದಿಗೆ ಸಹಾಯಧನ ಕೊಡುತ್ತೆ, ಹೈಸ್ಕೂಲಿಂದ ಸ್ನಾತಕೋತ್ತರದವರೆಗೂ. ಅಮ್ಮನ ಲೈನಲ್ಲಿ ಕೂತು ಹೊಲಿಯೋ ಎಷ್ಟು ಜನರ ಮಕ್ಕಳು ಕಾಲೇಜಲ್ಲಿದ್ದಾರೆ ಅಂತ ಕೇಳಿದೆ. ಏಳು. ಅರ್ಜಿ ಹಾಕಿದವರು ಸೊನ್ನೆ.

ಈ ಪೇ ಸ್ಲಿಪ್ ನೋಡಿದ ಮೇಲೆ ನಾನು ಹುಡುಕೋ ರೀತಿಯೇ ಬದಲಾಯ್ತು. ಅಲ್ಲಿವರೆಗೆ ನನ್ನ ಮಾರ್ಕ್ಸ್ ಕಾರ್ಡ್ ಇಟ್ಕೊಂಡು ಹುಡುಕ್ತಿದ್ದೆ. ನಮ್ಮಂಥವರ ದುಡ್ಡು ಮಾರ್ಕ್ಸಿಗಿಂತ ಹೆಚ್ಚಾಗಿ ಅಪ್ಪ ಅಮ್ಮ ಮಾಡೋ ಕೆಲಸಕ್ಕೆ ಅಂಟ್ಕೊಂಡಿರುತ್ತೆ. ಅಪ್ಪ ಗಾರೆ ಕೆಲಸ, ಸೆಂಟ್ರಿಂಗ್, ಪೇಂಟಿಂಗ್ ಮಾಡ್ತಾರಾ? ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಇದ್ರೆ "ಕಲಿಕೆ ಭಾಗ್ಯ" ಇದೆ. ರೈತರಾ? 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ ಇದೆ. ಬಿಕಾಂಗೆ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500. ಸ್ನಾತಕೋತ್ತರಕ್ಕೆ 10,000 ಮತ್ತು 11,000 ಅಂತ ನಿಗದಿ ಮಾಡಿದ್ರು.

ನಮಗೆ ಅದು ಬಂದಿಲ್ಲ. ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲಿದೆ, ಅಪ್ಪನ ಹೆಸರಲ್ಲಿ ಫ್ರೂಟ್ಸ್ ಐಡಿ ಇಲ್ಲ. ಕಾಗದದ ಪ್ರಕಾರ ನಮ್ಮಪ್ಪ ರೈತರೇ ಅಲ್ಲ. ಮೂವತ್ತು ವರ್ಷ ತೋಟ ಮಾಡಿದವರ ಮುಂದೆ ಈ ವಾಕ್ಯ ಹೇಳೋದು ಸುಲಭ ಇರಲಿಲ್ಲ. ಅವರು ನಕ್ಕರು, ಆಮೇಲೆ ಸುಮ್ಮನಾದ್ರು, ಮಾರನೇ ದಿನ ಪೌತಿ ಖಾತೆಗೆ ಏನೇನು ಬೇಕು ಅಂತ ಕೇಳೋಕೆ ನಾಡಕಚೇರಿಗೆ ಹೋದ್ರು.

4/8

ಈಗ ಅಪ್ಪ ಕೇಳಿದ ಲೆಕ್ಕ. ನನ್ನ ಆಸೆ ಮೈಸೂರು, ಮಾನಸಗಂಗೋತ್ರಿ. ಕುಕ್ಕರಹಳ್ಳಿ ಕೆರೆ ಫೋಟೋ ನೋಡಿ ಬಂದ ಆಸೆ ಅಂತ ತಮಾಷೆ ಮಾಡಿದ್ರೂ ಪರವಾಗಿಲ್ಲ.

ವರ್ಷಕ್ಕೆ ಫೀಸು, ಪರೀಕ್ಷೆ ಶುಲ್ಕ ಎಲ್ಲಾ ಸೇರಿ 20,000 ಅಂತ ಇಟ್ಟೆ. ರೂಮು, ಊಟ ತಿಂಗಳಿಗೆ 6,500ರ ಹಾಗೆ ಹತ್ತು ತಿಂಗಳು, 65,000. ಪುಸ್ತಕ, ಓಡಾಟ, ರೀಚಾರ್ಜ್ 12,000. ಒಟ್ಟು 97,000. ಎಲ್ಲಾ ನನ್ನ ಅಂದಾಜು, ನಿಮ್ಮದು ಬೇರೆ ಬರಬಹುದು. ಆದ್ರೆ ಯಾವ ಸಾಲು ದೊಡ್ಡದಿದೆ ನೋಡಿ. ನಾವೆಲ್ಲಾ ಫೀಸಿಗೆ ದುಡ್ಡು ಹುಡುಕ್ತಿದ್ದೀವಿ, ಮೂರರಲ್ಲಿ ಎರಡು ಪಾಲು ಖರ್ಚು ಇರೋದು ಅನ್ನ ಮತ್ತು ಹಾಸಿಗೆಗೆ!

ಹಾಗಾಗಿ ಪಿಜಿ ಓದೋರಿಗೆ ಅತಿ ದೊಡ್ಡ ಸ್ಕಾಲರ್‌ಶಿಪ್ ಯಾವುದು ಅಂದ್ರೆ ನಾನು ಸರ್ಕಾರಿ ಹಾಸ್ಟೆಲ್ ಅಂತೀನಿ. ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಲ್ಲಿ ಊಟ, ವಸತಿ ಎರಡೂ ಉಚಿತ. ಅರ್ಜಿ ಸ್ಟೇಟ್ ಹಾಸ್ಟೆಲ್ ಪೋರ್ಟಲ್‌ನಲ್ಲಿ, ಅದು ಎಸ್‌ಎಸ್‌ಪಿ ಅಲ್ಲ, ಬೇರೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ "ವಿದ್ಯಾಸಿರಿ" ಇದೆ: ತಿಂಗಳಿಗೆ 1,500, ಹತ್ತು ತಿಂಗಳು, ಒಟ್ಟು 15,000. ಸಿಕ್ಕಿದ್ರೆ ಒಳ್ಳೇದೇ. ಆದ್ರೆ 6,500ರ ಖರ್ಚಿಗೆ 1,500. ಅಂದ್ರೆ ಹಾಸ್ಟೆಲ್ ಸೀಟಿನ ಬೆಲೆ ವಿದ್ಯಾಸಿರಿಯ ನಾಲ್ಕು ಪಟ್ಟಿಗಿಂತ ಜಾಸ್ತಿ. ಆದಾಯ ಮಿತಿ ಯೋಜನೆಗೊಂದು, ಪ್ರವರ್ಗಕ್ಕೊಂದು ಇರುತ್ತೆ, ನಿಮ್ಮದು ಯಾವುದೋ ಆ ವರ್ಷದ ಪ್ರಕಟಣೆಯಲ್ಲೇ ನೋಡಿ.

ಹುಡುಗಿಯರೇ, ಇನ್ನೊಂದು ಇದೆ. ಯಾವ ಪೋರ್ಟಲ್ಲೂ ಇದನ್ನ ಸ್ಕಾಲರ್‌ಶಿಪ್ ಅನ್ನಲ್ಲ. 2023ರ ಜೂನ್ 11ರಿಂದ ಶಕ್ತಿ ಬಂದಿದೆ. ತಿಪಟೂರಿಂದ ತುಮಕೂರಿಗೆ ಸಾದಾ ಬಸ್ಸಲ್ಲಿ ಟಿಕೆಟ್ ಸೊನ್ನೆ. ತುಮಕೂರು ವಿಶ್ವವಿದ್ಯಾಲಯದಲ್ಲೂ ಎಂಕಾಂ ಇದೆ. ಮನೆಯಿಂದಲೇ ಹೋಗಿಬಂದ್ರೆ 65,000ದ ಸಾಲು ಪೂರ್ತಿ ಅಳಿಸಿ ಹೋಗುತ್ತೆ. ಬದಲಿಗೆ ಹೋಗೋದು ದಿನಕ್ಕೆ ನಾಲ್ಕು ಗಂಟೆ. ಲೆಕ್ಕದಲ್ಲಿ ಬರದ ಖರ್ಚು ಅದು, ಆದ್ರೂ ಖರ್ಚೇ.

5/8

ಕೇಂದ್ರದ್ದು. ಇಲ್ಲಿ ಎನ್‌ಎಸ್‌ಪಿ, ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್. ಮೊದಲು ಆಧಾರ್ ಮೂಲಕ ಓಟಿಆರ್ ಮಾಡ್ಕೋಬೇಕು, ಒಂದೇ ಸಲ. ಇದನ್ನ ಈಗಲೇ ಮಾಡಿ ಇಟ್ಕೊಳ್ಳಿ. ಕೊನೇ ವಾರದಲ್ಲಿ ಆ ಸೈಟ್ ತೆರೆಯೋಕೆ ಪುಣ್ಯ ಮಾಡಿರಬೇಕು.

ಪಿಜಿಗೆ ಅಲ್ಲಿ ದೊಡ್ಡದು ಯುಜಿಸಿಯ "ನ್ಯಾಷನಲ್ ಸ್ಕಾಲರ್‌ಶಿಪ್ ಫಾರ್ ಪೋಸ್ಟ್ ಗ್ರಾಜುಯೇಟ್ ಸ್ಟಡೀಸ್". ತಿಂಗಳಿಗೆ 15,000, ವರ್ಷಕ್ಕೆ ಹತ್ತು ತಿಂಗಳು, ಎರಡು ವರ್ಷ. ಒಟ್ಟು 3,00,000. ಆಡಿಟರ್ ಆಫೀಸಿನ 12,000ವನ್ನ 24 ತಿಂಗಳಿಗೆ ಗುಣಿಸಿ: 2,88,000. ಸ್ಕಾಲರ್‌ಶಿಪ್ಪೇ ಜಾಸ್ತಿ! ಇದು ಕಂಡಾಗ ರಾತ್ರಿ ಹನ್ನೆರಡೂವರೆ, ಅಮ್ಮನ್ನ ಎಬ್ಬಿಸಿ ತೋರಿಸೋಣ ಅನ್ನಿಸ್ತು. ಎಬ್ಬಿಸಲಿಲ್ಲ. ಬೆಳಗ್ಗೆ ಆರಕ್ಕೆ ಫ್ಯಾಕ್ಟರಿ ಬಸ್.

ಎಬ್ಬಿಸದೇ ಇದ್ದದ್ದು ಒಳ್ಳೇದೇ. ಇಡೀ ದೇಶಕ್ಕೆ 10,000 ಜನಕ್ಕೆ ಅದು, ಡಿಗ್ರಿ ಅಂಕದ ಮೇಲೆ ಆಯ್ಕೆ. ಅರ್ಜಿ ಹಾಕ್ತೀನಿ. ಆದ್ರೆ ಅಪ್ಪನಿಗೆ ತೋರಿಸೋ ಲೆಕ್ಕದಲ್ಲಿ ಅದನ್ನ ಸೇರಿಸಲಿಲ್ಲ. ಫಸ್ಟ್ ಸೆಮ್‌ನಲ್ಲಿ ಕನ್ಸರ್ವೇಟಿಸಂ ಅಂತ ಬಾಯಿಪಾಠ ಹೊಡೆದಿದ್ವಲ್ಲ, ಬರಬಹುದಾದ ಲಾಭ ಬರೀಬೇಡ, ಬರಬಹುದಾದ ನಷ್ಟ ಬರೆದಿಡು ಅಂತ. ಮೂರು ವರ್ಷದಲ್ಲಿ ಮೊದಲ ಸಲ ಅದು ನಿಜವಾಗಿ ಉಪಯೋಗಕ್ಕೆ ಬಂತು.

ಜೂನಿಯರ್ಸ್‌ಗೆ ಒಂದು ಮಾತು. ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್ ಅಂತ ಇದೆ, ಸೆಕೆಂಡ್ ಪಿಯು ಅಂಕದ ಮೇಲೆ ಕೊಡೋದು. ಡಿಗ್ರಿಯ ಮೂರು ವರ್ಷ ವರ್ಷಕ್ಕೆ 12,000, ಪಿಜಿಗೆ ಹೋದ್ರೆ ವರ್ಷಕ್ಕೆ 20,000. ಡಿಗ್ರಿ ಸೇರಿದ ವರ್ಷವೇ ಹಾಕಿ, ಪ್ರತಿ ವರ್ಷ ರಿನ್ಯೂವಲ್ ಮಾಡ್ಕೊಂಡು ಬರಬೇಕು. ಫೈನಲ್ ಇಯರ್‌ನವರಿಗೆ ಈಗ ಹೇಳಿ ಹೊಟ್ಟೆ ಉರಿಸೋದಿಲ್ಲ. ನಿಮ್ಮ ತಂಗಿ ತಮ್ಮಂದಿರಿಗೆ ಹೇಳಿ.

6/8

ಸಾಲದ ವಿಷಯ. ನನಗೆ ಬೇಡ, ಆದ್ರೆ ಎಂಬಿಎ ಹೋಗೋರು ನಾಲ್ಕು ಜನ ಕೇಳಿದ್ದೀರಿ.

ಬ್ಯಾಂಕಿಗೆ ನೇರ ಹೋಗಿ ಕೌಂಟರಲ್ಲಿ ಮುಖ ಸಪ್ಪೆ ಮಾಡ್ಕೊಂಡು ಬರೋಕೆ ಮುಂಚೆ ಆನ್‌ಲೈನಲ್ಲಿ ಅರ್ಜಿ ಹಾಕಿ. 2024ರ ನವೆಂಬರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ ಪೋರ್ಟಲ್ ಇದೆ. ಗುರುತಿಸಿದ ಒಳ್ಳೆ ಸಂಸ್ಥೆಗಳ ಪಟ್ಟಿಯಲ್ಲಿರೋ ಕಾಲೇಜಿಗೆ ಮೆರಿಟ್ ಮೇಲೆ ಸೀಟು ಸಿಕ್ಕಿರಬೇಕು. ಹಾಗಿದ್ರೆ ಆಸ್ತಿ ಅಡಮಾನ, ಜಾಮೀನು ಇಲ್ಲದೆ ಸಾಲ. ಕುಟುಂಬದ ಆದಾಯ 8 ಲಕ್ಷದೊಳಗೆ ಇದ್ರೆ 10 ಲಕ್ಷದವರೆಗಿನ ಸಾಲಕ್ಕೆ ಓದೋ ಅವಧಿಯಲ್ಲಿ 3% ಬಡ್ಡಿ ಸಹಾಯ, ವರ್ಷಕ್ಕೆ 1 ಲಕ್ಷ ವಿದ್ಯಾರ್ಥಿಗಳವರೆಗೆ. ಅಡ್ಮಿಷನ್ ತಗೊಳ್ಳೋಕೆ ಮುಂಚೆ ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯಾ ನೋಡಿ. "ಲೋನ್ ಫೆಸಿಲಿಟಿ ಇದೆ" ಅಂತ ಕಾಲೇಜಿನ ಬ್ರೋಷರ್‌ನಲ್ಲಿ ಹಾಕೋದು ಬೇರೆ ವಿಷಯ.

ಬಡ್ಡಿ ಹೇಗೆ ಬೆಳೆಯುತ್ತೆ ಅನ್ನೋದನ್ನ ಪೇಪರಲ್ಲಿ ಹಾಕಿ ನೋಡಿ. ಮೊದಲ ವರ್ಷ 2 ಲಕ್ಷ, ಎರಡನೇ ವರ್ಷ 2 ಲಕ್ಷ ತಗೊಂಡ್ರಿ, ಬಡ್ಡಿ 10% ಅಂದ್ಕೊಳ್ಳಿ. ಕೋರ್ಸ್ ಎರಡು ವರ್ಷ, ಆಮೇಲೆ ಒಂದು ವರ್ಷ ಬಿಡುವು. ಈ ಅವಧಿಗೆ ಸರಳ ಬಡ್ಡಿ. ಮೊದಲ 2 ಲಕ್ಷಕ್ಕೆ ಮೂರು ವರ್ಷದ 60,000, ಎರಡನೇದಕ್ಕೆ ಎರಡು ವರ್ಷದ 40,000. ಏನೂ ಕಟ್ಟದೆ ಬಿಟ್ರೆ ಇಎಂಐ ಶುರುವಾಗೋದು 5 ಲಕ್ಷದ ಮೇಲೆ, 4 ಲಕ್ಷದ ಮೇಲಲ್ಲ. ಮೊದಲ ವರ್ಷದಿಂದಲೇ ತಿಂಗಳ ಬಡ್ಡಿ (ಮೊದಲ ವರ್ಷ ಸುಮಾರು 1,667) ಕಟ್ಕೊಂಡು ಹೋದ್ರೆ ಅಸಲು ಬೆಳೆಯಲ್ಲ. ಹಾಗೆ ಕಟ್ಟೋರಿಗೆ ಬಡ್ಡಿಯಲ್ಲಿ 1% ರಿಯಾಯಿತಿ ಇದೆಯಾ ಅಂತ ಬ್ಯಾಂಕಲ್ಲಿ ಬಾಯಿಬಿಟ್ಟು ಕೇಳಿ.

ಟ್ಯಾಕ್ಸ್ ಪೇಪರ್ ಓದಿದವರಿಗೆ ಗೊತ್ತು: 1961ರ ಕಾಯ್ದೆಯಲ್ಲಿ ಸ್ಕಾಲರ್‌ಶಿಪ್‌ಗೆ ತೆರಿಗೆ ಇಲ್ಲ ಅನ್ನೋದು 10(16), ಶಿಕ್ಷಣ ಸಾಲದ ಬಡ್ಡಿಗೆ ಎಂಟು ವರ್ಷ ಕಡಿತ ಕೊಡೋದು 80ಇ. ಅಸಲಿಗೆ ಕಡಿತ ಇಲ್ಲ, ಬಡ್ಡಿಗೆ ಮಾತ್ರ. ಎರಡು ಅಂಕದ ಪ್ರಶ್ನೆ ಅಂತ ಓದಿದ್ದು, ಯಾರದೋ ಮನೆ ವಿಷಯ ಅಂತ ಅನ್ನಿಸಿರಲಿಲ್ಲ.

7/8

ಫೀಸು ನೋಡಿ ಹೆದರಿ ಟ್ಯಾಬ್ ಮುಚ್ಚೋದರ ಬಗ್ಗೆ.

ಕೆಲವು ಕಡೆ ವೆಬ್‌ಸೈಟಲ್ಲಿ ಬರೆದಿರೋ ಫೀಸು ಎಲ್ಲರೂ ಕಟ್ಟೋ ಫೀಸಲ್ಲ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಯಾವುದೇ ಡಿಗ್ರಿ ಮಾಡಿದವರು ಎಂಎ ಡೆವಲಪ್‌ಮೆಂಟ್‌ಗೆ ಅರ್ಜಿ ಹಾಕಬಹುದು, ಬಿಕಾಂ ಆದ್ರೂ. ಕುಟುಂಬದ ಆದಾಯ ನೋಡಿ ಫೀಸಿಗೂ ವಸತಿಗೂ ನೆರವು ಕೊಡ್ತಾರೆ, ತೀರಾ ಕಡಿಮೆ ಆದಾಯ ಇದ್ರೆ ಪೂರ್ತಿಯವರೆಗೂ. ಈ ಮಾಹಿತಿ ಸ್ಕಾಲರ್‌ಶಿಪ್ ಪಟ್ಟಿಗಳಲ್ಲಿ ಸಿಗೋದು ಕಮ್ಮಿ. ಆಯಾ ವಿಶ್ವವಿದ್ಯಾಲಯದ ಸೈಟಲ್ಲಿ ಅಡ್ಮಿಷನ್ ಕೆಳಗೆ "ಫೈನಾನ್ಷಿಯಲ್ ಏಡ್" ಅಂತ ಒಂದು ಪುಟ ಇರುತ್ತೆ. ಮೊದಲು ಅದನ್ನ ಓದಿ, ಆಮೇಲೆ ಫೀಸಿನ ಪುಟ.

ವಿದೇಶದ್ದು ನನಗೆ ಹೆಚ್ಚು ಬೇಕಿರಲಿಲ್ಲ, ಬೇಗ ಹೇಳ್ತೀನಿ. ಬ್ರಿಟನ್ನಿನ ಚೆವನಿಂಗ್‌ಗೆ ಎರಡು ವರ್ಷ ಕೆಲಸದ ಅನುಭವ ಬೇಕು, ಬಿಕಾಂ ಮುಗಿದ ತಕ್ಷಣ ಆಗಲ್ಲ. ಯುರೋಪಿನ ಎರಾಸ್ಮಸ್ ಮುಂಡುಸ್ ಸಿಕ್ಕಿದ್ರೆ ತಿಂಗಳಿಗೆ 1,400 ಯೂರೋ. ಎಸ್‌ಸಿ, ಎಸ್‌ಟಿ ಗೆಳೆಯರಿಗೆ ನಮ್ಮ ರಾಜ್ಯದ್ದೇ "ಪ್ರಬುದ್ಧ" ಯೋಜನೆ ಇದೆ, ಖಂಡಿತ ನೋಡಿ. ಜೆ.ಎನ್. ಟಾಟಾ ಎಂಡೋಮೆಂಟ್ 1892ರಿಂದ ಸಾಲದ ರೂಪದ ಸ್ಕಾಲರ್‌ಶಿಪ್ ಕೊಡ್ತಿದೆ. ನಮ್ಮ ತಿಪಟೂರಲ್ಲಿ ಹುಟ್ಟಿದ ವಿಜ್ಞಾನಿ ರಾಜಾ ರಾಮಣ್ಣ ಲಂಡನ್ನಿಗೆ ಓದೋಕೆ ಹೋಗಿದ್ದು ಅದೇ ನೆರವಲ್ಲಿ. ಊರಿನ ಹೆಮ್ಮೆ, ಹಾಗಾಗಿ ಒಂದು ಸಾಲು ಜಾಸ್ತಿ.

ಮತ್ತೆ ಆ ಫಾರ್ವರ್ಡ್. "ಪಿಎಂ ಸ್ಕಾಲರ್‌ಶಿಪ್, ಎಲ್ಲಾ ವಿದ್ಯಾರ್ಥಿಗಳಿಗೆ, ಕೂಡಲೇ ಲಿಂಕ್ ಒತ್ತಿ" ಅಂತ ತಿಂಗಳಿಗೊಂದು ಸಲ ಬರುತ್ತಲ್ಲ. ಪಿಎಂ ಸ್ಕಾಲರ್‌ಶಿಪ್ ಅನ್ನೋದು ನಿಜವಾಗಿ ಇದೆ, ಆದ್ರೆ ಅದು ಮಾಜಿ ಸೈನಿಕರ ಮಕ್ಕಳು ಮತ್ತು ವಿಧವೆಯರಿಗೆ, ವೃತ್ತಿಪರ ಕೋರ್ಸುಗಳಿಗೆ. ಎಲ್ಲರಿಗೂ ಅಲ್ಲ. ಸರ್ಕಾರಿ ವಿಳಾಸದ ಕೊನೆ ಜಿಓವಿ ಡಾಟ್ ಇನ್ ಅಂತ ಇರುತ್ತೆ. ಎಸ್‌ಎಸ್‌ಪಿ, ಎನ್‌ಎಸ್‌ಪಿ ಎರಡರಲ್ಲೂ ಅರ್ಜಿಗೆ ಫೀಸಿಲ್ಲ. 499 ಪ್ರೊಸೆಸಿಂಗ್ ಚಾರ್ಜ್ ಕೇಳಿದ್ರೆ ಅಲ್ಲೇ ಬಿಡಿ.

8/8

ಭಾನುವಾರ ಅಪ್ಪನ ಮುಂದೆ ಶೀಟ್ ಇಟ್ಟೆ. ಮೈಸೂರು ಒಂದು ಕಾಲಂ, ತುಮಕೂರು ಒಂದು ಕಾಲಂ. ಅಪ್ಪ ಏಳನೇ ಕ್ಲಾಸ್. ಮೊತ್ತ ಎಲ್ಲಾ ನೋಡಿ ಒಂದೇ ಪ್ರಶ್ನೆ ಕೇಳಿದ್ರು: "ಸರಿ, ಇದೆಲ್ಲಾ ಬರೋದು ಯಾವಾಗ?"

ಅದೇ ನಿಜವಾದ ಪ್ರಶ್ನೆ. ಫೀಸು ಕಟ್ಟೋದು ಅಡ್ಮಿಷನ್ ದಿನ, ಸ್ಕಾಲರ್‌ಶಿಪ್ ಬರೋದು ಎಷ್ಟೋ ತಿಂಗಳ ನಂತರ. ಕೊಬ್ಬರಿ ಮಾರಿದ ದುಡ್ಡಿಗೆ ಕಾಯೋ ಅಭ್ಯಾಸ ಇರೋರು ಅವರು, ತಕ್ಷಣ ಹಿಡಿದ್ರು. ಹಾಗಾಗಿ ನಮ್ಮ ಲೆಕ್ಕಕ್ಕೆ ಇನ್ನೊಂದು ಸಾಲು ಸೇರಿತು: ಮೊದಲ ಎಂಟು ತಿಂಗಳು ಕೈಯಿಂದ. ಅದಕ್ಕೆ ಅಮ್ಮನ ಸಂಘದಿಂದ 20,000.

ತುಮಕೂರು ಅಂತ ಆಯ್ತು. ಮೈಸೂರಿಗೂ ಅರ್ಜಿ ಹಾಕ್ತೀನಿ, ಹಾಸ್ಟೆಲ್ ಖಾತ್ರಿ ಆದ್ರೆ ಮಾತ್ರ. ಆಡಿಟರ್ ಸರ್ ಹತ್ರ ಹೋಗಿ ಶನಿವಾರ, ಭಾನುವಾರ ಬರ್ತೀನಿ, ಜಿಎಸ್‌ಟಿ ರಿಟರ್ನ್ ಸಮಯದಲ್ಲಿ ರಾತ್ರಿ ಮನೆಯಿಂದ ಎಂಟ್ರಿ ಮಾಡಿಕೊಡ್ತೀನಿ ಅಂದೆ. 11ನೇ ತಾರೀಕು, 20ನೇ ತಾರೀಕು ಅವರಿಗೂ ಜನ ಬೇಕು. 4,000 ಕೊಡ್ತೀನಿ ಅಂದಿದ್ದಾರೆ. 12,000 ಅಲ್ಲ. ಉಳಿದ 8,000 ನಮ್ಮನೆ ಎರಡು ವರ್ಷ ಪ್ರತಿ ತಿಂಗಳು ನನಗೋಸ್ಕರ ಬಿಟ್ಟುಕೊಡ್ತಿರೋದು, ಅದಕ್ಕೆ ಯಾವ ಪೋರ್ಟಲ್ಲೂ ಇಲ್ಲ.

ಈ ವಾರ ನೀವು ಮಾಡಬೇಕಾದ್ದು ಒಂದು ಕೆಲಸ. ಮೈ ಆಧಾರ್ ಸೈಟಲ್ಲಿ "ಬ್ಯಾಂಕ್ ಸೀಡಿಂಗ್ ಸ್ಟೇಟಸ್" ತೆಗೆದು ನಿಮ್ಮ ಆಧಾರ್‌ಗೆ ಯಾವ ಬ್ಯಾಂಕ್ ಜೋಡಣೆ ಆಗಿದೆ ನೋಡಿ. ಸ್ಕಾಲರ್‌ಶಿಪ್ ದುಡ್ಡು ಹೋಗೋದು ನೀವು ಪಾಸ್‌ಬುಕ್ ಝೆರಾಕ್ಸ್ ಕೊಟ್ಟ ಖಾತೆಗಲ್ಲ, ಕೊನೇ ಸಲ ಆಧಾರ್ ಜೋಡಿಸಿದ ಖಾತೆಗೆ. ನಮ್ಮ ಕ್ಲಾಸಿನ ಒಬ್ಬಳು ಎಂಟು ತಿಂಗಳು ದುಡ್ಡು ಬಂದಿಲ್ಲ ಅಂತ ಅಲೆದಳು. ಬಂದಿತ್ತು. ಅವಳು ಮರೆತೇ ಹೋಗಿದ್ದ ಇನ್ನೊಂದು ಖಾತೆಯಲ್ಲಿ ಸುಮ್ಮನೆ ಕೂತಿತ್ತು. ಜೊತೆಗೆ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯಾ ಅಂತಲೂ ನೋಡ್ಕೊಳ್ಳಿ, ಎಸ್‌ಎಸ್‌ಪಿಯಲ್ಲಿ ಅದರ ಆರ್‌ಡಿ ನಂಬರ್ ಕೇಳುತ್ತೆ.

ನಿಮ್ಮನೇಲಿ ಯಾರು ಏನು ಕೆಲಸ ಮಾಡ್ತಾರೆ, ಯಾವ ಕೋರ್ಸ್ ಬೇಕು ಅಂತ ಕಾಮೆಂಟಲ್ಲಿ ಬರೀರಿ, ಗೊತ್ತಿರೋದನ್ನ ಹೇಳ್ತೀನಿ. ಡಿಎಂನಲ್ಲಿ ಆಧಾರ್ ಫೋಟೋ ಮಾತ್ರ ಕಳಿಸಬೇಡ್ರಪ್ಪ. ನಿನ್ನೆ ಒಂದೇ ದಿನ ಮೂರು ಬಂದಿದೆ, ಮೂರೂ ಡಿಲೀಟ್ ಮಾಡಿದ್ದೀನಿ.